ಉತ್ಸರ್ಜನ ರೋಹಿತ ಕೆಡದಂತೆ ತೆಗೆಯುವುದು ಹೇಗೆ: ಕ್ವಿನೀನ್ ಸಲ್ಫೇಟ್ ಜೊತೆ ಹಂತ ಹಂತವಾಗಿ

ಎಂ.ಎಸ್ಸಿ. ಪ್ರಾಜೆಕ್ಟಿನ ತಿಂಗಳು ಬಂತೆಂದರೆ ನನ್ನ ಮೇಜಿನ ಮೇಲೆ ಪ್ರತಿವರ್ಷವೂ ಅವೇ ಉತ್ಸರ್ಜನ ರೋಹಿತಗಳು, ಅಂದರೆ ಬೆಳಕು ಹೀರಿದ ಸಂಯುಕ್ತ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕನ್ನು ಹೊರಬಿಟ್ಟಿತು ಎಂದು ತೋರಿಸುವ ಗ್ರಾಫುಗಳು, ಬಂದು ಬೀಳುತ್ತವೆ. ಒಂದರಲ್ಲಿ ಶೃಂಗದ ನೆತ್ತಿಯನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆ. ಇನ್ನೊಂದರಲ್ಲಿ 700 ನ್ಯಾನೊಮೀಟರ್ ಬಳಿ ಸೂಜಿಯಂತೆ ಎದ್ದ ಗೆರೆ. ಮೂರನೆಯದರಲ್ಲಿ 397ರ ಹತ್ತಿರ ಒಂದು ಪುಟ್ಟ ದಿಬ್ಬ, ಅದರ ಪಕ್ಕದಲ್ಲಿ ‘ಹೊಸ ಉತ್ಸರ್ಜನ’ ಎಂಬ ಪೆನ್ಸಿಲ್ ಗುರುತು. ಆ ದಿಬ್ಬ ಸಂಯುಕ್ತದ್ದಲ್ಲ, ನೀರಿನದು. ವಿದ್ಯಾರ್ಥಿಗಳ ಶ್ರಮದಲ್ಲಿ ಎಳ್ಳಷ್ಟೂ ಕೊರತೆ ಇರುವುದಿಲ್ಲ. ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡಿರುತ್ತಾರೆ, ಅಥವಾ ಮಾಡಿರುವುದೇ ಇಲ್ಲ. ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಕಲಿಯಲು ಕ್ವಿನೀನ್ ಸಲ್ಫೇಟನ್ನು ಆರಿಸಿಕೊಂಡಿದ್ದೇನೆ. ಅಗ್ಗ, ಸುಲಭವಾಗಿ ಸಿಗುತ್ತದೆ, ಗಂಧಕಾಮ್ಲದಲ್ಲಿ ಚೆನ್ನಾಗಿ ಬೆಳಗುತ್ತದೆ, ಸರಿಯಾದ ಉತ್ತರ ಏನೆಂಬುದು ಮೊದಲೇ ಗೊತ್ತಿದೆ: 350 ನ್ಯಾನೊಮೀಟರ್ ಬೆಳಕು ಕೊಟ್ಟರೆ 450ರ ಆಸುಪಾಸಿನಲ್ಲಿ ಅಗಲವಾದ ನೀಲಿ ಪಟ್ಟಿ. ಇದು ಬಾರದಿದ್ದರೆ ತಪ್ಪು ನಿಮ್ಮ ವಿಧಾನದಲ್ಲಿದೆ. ನಿಮ್ಮ ಸ್ವಂತ ಸಂಯುಕ್ತವನ್ನು ಇದು ಬಂದ ಮೇಲೆಯೇ ಮುಟ್ಟಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಉತ್ಸರ್ಜನ ಅಳೆಯುವ ಫ್ಲೂರೊಮೀಟರ್ ಮಾತ್ರ ಸಾಲದು, ಹೀರಿಕೆ (ದ್ರಾವಣ ಎಷ್ಟು ಬೆಳಕನ್ನು ಹೀರುತ್ತದೆ ಎಂಬುದು) ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೊಮೀಟರ್ ಕೂಡ ಅದೇ ದಿನ ಬೇಕು. ಎರಡನೆಯದು ಬೇರೆ ಕಟ್ಟಡದಲ್ಲಿದೆ ಎಂಬ ಕಾರಣಕ್ಕೆ ಆ ಅಳತೆಯನ್ನು ಬಿಟ್ಟುಬಿಡುವುದೇ ಅರ್ಧದಷ್ಟು ಕೆಟ್ಟ ರೋಹಿತಗಳ ಮೂಲ.

ದ್ರಾವಣ ತುಂಬುವ ಚೌಕ ಪಾತ್ರೆ, ಅಂದರೆ ಕ್ಯೂವೆಟ್, ಕ್ವಾರ್ಟ್ಸ್‌ನದ್ದಾಗಿರಲಿ, ನಾಲ್ಕೂ ಬದಿ ಪಾರದರ್ಶಕವಾಗಿರಲಿ. ಹೀರಿಕೆ ಅಳೆಯುವ ಮಾಮೂಲಿ ಕ್ಯೂವೆಟ್‌ಗೆ ಎರಡು ಬದಿ ಮಸುಕಾಗಿರುತ್ತವೆ. ಫ್ಲೂರೊಮೀಟರ್ ಬೆಳಕನ್ನು ಒಂದು ಬದಿಯಿಂದ ಹಾಯಿಸಿ, ಅದಕ್ಕೆ ಲಂಬವಾದ ಬದಿಯಿಂದ ನೋಡುತ್ತದೆ. ಮಸುಕಾದ ಗೋಡೆ ಅಡ್ಡ ಬಂದರೆ ಡಿಟೆಕ್ಟರ್‌ಗೆ ಸಿಗುವುದು ಚದರಿದ ಬೆಳಕೇ ಹೊರತು ನಿಮ್ಮ ಅಣುವಿನದಲ್ಲ. ಬಿಸಾಡುವ ಪ್ಲಾಸ್ಟಿಕ್ ಕ್ಯೂವೆಟ್ ಅತಿನೇರಳೆ ಬೆಳಕಿನಲ್ಲಿ ತಾನೇ ಬೆಳಗುತ್ತದೆ, ಈ ಕೆಲಸಕ್ಕೆ ಅದು ಬೇಡ.

ಇವುಗಳ ಜೊತೆಗೆ ಶುದ್ಧೀಕರಿಸಿದ ನೀರು, ಗಂಧಕಾಮ್ಲ, 10 ಮಿಲಿಗ್ರಾಂ ತೂಗಬಲ್ಲ ಸೂಕ್ಷ್ಮ ತಕ್ಕಡಿ, 100 ಮತ್ತು 25 ಮಿಲಿಲೀಟರಿನ ಅಳತೆ ಫ್ಲಾಸ್ಕುಗಳು, 365 ನ್ಯಾನೊಮೀಟರಿನ ಕೈಟಾರ್ಚು, ಅತಿನೇರಳೆ ತಡೆಯುವ ಕನ್ನಡಕ ಬೇಕು.

## ಹಂತ 1: ದೀಪ ಹೊತ್ತಿಸಿ, ಪಾತ್ರೆಗಳನ್ನು ಕತ್ತಲಲ್ಲಿ ನೋಡಿ

ಬಂದ ತಕ್ಷಣ ಉಪಕರಣದ ಝೆನಾನ್ ದೀಪವನ್ನು ಹೊತ್ತಿಸಿ. ಅದು ಸ್ಥಿರವಾಗಲು ಅರ್ಧ ಗಂಟೆ ಬೇಕು. ಆ ಅವಧಿಯಲ್ಲಿ ಉಳಿದ ಕೆಲಸ ಮುಗಿಸಬಹುದು.

ಕೋಣೆಯ ದೀಪ ಆರಿಸಿ, ತೊಳೆದ ಕ್ಯೂವೆಟ್ ಮತ್ತು ಫ್ಲಾಸ್ಕುಗಳ ಮೇಲೆ ಟಾರ್ಚ್ ಹಾಯಿಸಿ. ಮೊದಲ ಸಲ ಇದನ್ನು ಮಾಡಿದವರು ಬೆಚ್ಚಿಬೀಳುತ್ತಾರೆ. ಕಣ್ಣಿಗೆ ಥಳಥಳ ಹೊಳೆಯುತ್ತಿದ್ದ ಗಾಜಿನ ಅಂಚಿನಲ್ಲಿ ನೀಲಿ ಎಳೆಗಳು ಉರಿಯುತ್ತಿರುತ್ತವೆ. ನಿಮ್ಮ ಬಿಳಿ ಕೋಟು ಕೂಡ ಬೆಳಗುತ್ತಿರುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಹೆಚ್ಚಿಸಲು ಸೇರಿಸುವ ವಸ್ತುಗಳು ನೀಲಿಯಾಗಿ ಬೆಳಗುವ ಸಂಯುಕ್ತಗಳೇ, ಅದೂ ಕ್ವಿನೀನ್ ಬೆಳಗುವ ಜಾಗದ ಸುತ್ತಮುತ್ತಲೇ. ಕೋಟಿನ ತೋಳಿನಿಂದ ಉದುರಿದ ಒಂದು ನೂಲಿನ ಎಳೆ ಕ್ಯೂವೆಟ್ಟಿನಲ್ಲಿ ತೇಲಿದರೆ ಸಾಕು, ಸಿಗ್ನಲ್ ಏರಿಳಿಯುತ್ತದೆ.

ಆದ್ದರಿಂದ ಫ್ಲೂರೊಮೀಟರಿನ ಗಾಜಿನ ಸಾಮಾನಿಗೆ ಒಗೆಯುವ ಪುಡಿ ತಗಲಬಾರದು. ನೀರು, ಎಥನಾಲ್, ಮತ್ತೆ ನೀರು, ಕೊನೆಗೆ ನೀವು ಬಳಸುವ ದ್ರಾವಕ, ಇಷ್ಟು ಸಾಕು. ಕ್ಯೂವೆಟ್ ಹಿಡಿಯುವಾಗ ಬೆರಳು ಮೇಲಿನ ಅಂಚಿನಲ್ಲಿರಲಿ. ನಾಲ್ಕು ಬದಿಯೂ ಕೆಲಸಕ್ಕೆ ಬರುವುದರಿಂದ ಮುಟ್ಟಲು ಬೇರೆ ಜಾಗವೇ ಇಲ್ಲ.

## ಹಂತ 2: ದ್ರಾವಣ ಮಾಡಿಕೊಳ್ಳಿ

ಅರ್ಧ ಲೀಟರಿಗಿಂತ ಹೆಚ್ಚು ನೀರಿರುವ ಬೀಕರಿಗೆ 2.8 ಮಿಲಿಲೀಟರ್ ಸಾಂದ್ರ ಗಂಧಕಾಮ್ಲವನ್ನು ನಿಧಾನವಾಗಿ ಸುರಿದು, ತಣ್ಣಗಾದ ಮೇಲೆ ಒಂದು ಲೀಟರಿಗೆ ತುಂಬಿಸಿ. ಆಮ್ಲವನ್ನೇ ನೀರಿಗೆ ಹಾಕಬೇಕು, ಎಂದೂ ನೀರನ್ನು ಆಮ್ಲಕ್ಕೆ ಹಾಕಬಾರದು. ಇದು 0.05 ಮೋಲಾರ್ ಆಮ್ಲ, ನಿಮ್ಮ ದ್ರಾವಕವೂ ಇದೇ, ಬ್ಲ್ಯಾಂಕ್ (ಸಂಯುಕ್ತವಿಲ್ಲದ ಬರೀ ದ್ರಾವಕ) ಕೂಡ ಇದೇ. ಎರಡಕ್ಕೂ ಒಂದೇ ಬಾಟಲಿಯಿಂದ ತೆಗೆದುಕೊಳ್ಳಿ.

10 ಮಿಲಿಗ್ರಾಂ ಕ್ವಿನೀನ್ ಸಲ್ಫೇಟನ್ನು ಇದರಲ್ಲಿ ಕರಗಿಸಿ 100 ಮಿಲಿಲೀಟರಿಗೆ ತುಂಬಿಸಿ. ಇದರಲ್ಲಿ 1 ಮಿಲಿಲೀಟರ್ ತೆಗೆದು ಅದೇ ಆಮ್ಲದಿಂದ 25 ಮಿಲಿಲೀಟರಿಗೆ ತುಂಬಿಸಿದರೆ ಲೀಟರಿಗೆ 4 ಮಿಲಿಗ್ರಾಂನ ದ್ರಾವಣ ಸಿದ್ಧ. ಅಳೆಯುವುದು ಇದನ್ನು.

ಒಮ್ಮೆ ಗಂಧಕಾಮ್ಲದ ಬಾಟಲಿ ಖಾಲಿಯಾಗಿತ್ತು. ಆಮ್ಲ ಯಾವುದಾದರೇನು ಎಂದುಕೊಂಡು ಒಬ್ಬ ವಿದ್ಯಾರ್ಥಿನಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ದ್ರಾವಣ ಮಾಡಿದಳು. ಹೀರಿಕೆ ಸರಿಯಾಗಿಯೇ ಬಂತು, ಉತ್ಸರ್ಜನ ಮಾತ್ರ ನೆಲಕಚ್ಚಿತ್ತು. ಎರಡು ದಿನ ನಾವಿಬ್ಬರೂ ಉಪಕರಣವನ್ನೇ ಅನುಮಾನಿಸಿದೆವು. ಕೊನೆಗೆ ಎರಡೂ ಆಮ್ಲಗಳ ದ್ರಾವಣವನ್ನು ಅಕ್ಕಪಕ್ಕ ಇಟ್ಟು ಟಾರ್ಚ್ ಹಾಯಿಸಿದಾಗ ಒಂದು ಆಕಾಶದಂತೆ ನೀಲಿ, ಇನ್ನೊಂದು ಬೂದಿ ಬಣ್ಣ. ಬೆಳಕು ಹೀರಿ ಉದ್ದೀಪನಗೊಂಡ ಕ್ವಿನೀನಿಗೆ ಕ್ಲೋರೈಡ್ ಅಯಾನು ಡಿಕ್ಕಿ ಹೊಡೆದರೆ ಶಕ್ತಿ ಬೆಳಕಾಗುವ ಮೊದಲೇ ಸೋರಿಹೋಗುತ್ತದೆ. ನಂಬಿಕೆ ಬರದಿದ್ದರೆ ನಿಮ್ಮ ದ್ರಾವಣಕ್ಕೆ ಚಿಟಿಕೆ ಅಡುಗೆ ಉಪ್ಪು ಹಾಕಿ ಕತ್ತಲಲ್ಲಿ ನೋಡಿ. ಉಪ್ಪು ಕರಗುತ್ತಿದ್ದ ಹಾಗೆ ತಳದಿಂದ ಬೆಳಕು ನಂದುತ್ತಾ ಬರುತ್ತದೆ. ನಲ್ಲಿ ನೀರು, ಉಪ್ಪು ಬೆರೆತ ಬಫರ್, ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು ಸರಿಯಾಗಿ ಜಾಲಾಡಿಸದ ಫ್ಲಾಸ್ಕು, ಇವೆಲ್ಲ ಇದೇ ಹಾನಿ ಮಾಡುತ್ತವೆ.

## ಹಂತ 3: ಮೊದಲು ಹೀರಿಕೆ, ಆಮೇಲೆ ಉತ್ಸರ್ಜನ

ಈ ಲೇಖನದಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದ್ರಾವಣವನ್ನು ಯುವಿ-ವಿಸಿಬಲ್ ಉಪಕರಣದಲ್ಲಿಟ್ಟು 220ರಿಂದ 600 ನ್ಯಾನೊಮೀಟರ್‌ವರೆಗೆ ಹೀರಿಕೆ ತೆಗೆಯಿರಿ. ಕ್ವಿನೀನಿಗೆ 250ರ ಬಳಿ ಒಂದು, 350ರ ಬಳಿ ಒಂದು ಪಟ್ಟಿ ಕಾಣುತ್ತದೆ. 350ರಲ್ಲಿ ಅಬ್ಸಾರ್ಬೆನ್ಸ್ (ಹೀರಿಕೆಯ ಅಳತೆ) 0.05ರ ಸುತ್ತ ಇರಬೇಕು, 0.1 ದಾಟಿದರೆ ದ್ರಾವಣವನ್ನು ತೆಳುಮಾಡಿ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಡಿಟೆಕ್ಟರ್ ನೋಡುವುದು ಕ್ಯೂವೆಟ್ಟಿನ ನಡುಭಾಗವನ್ನು. ಅಬ್ಸಾರ್ಬೆನ್ಸ್ 0.1 ಇದ್ದರೆ ನಡುಭಾಗ ತಲುಪುವಷ್ಟರಲ್ಲಿ ಬೆಳಕಿನ ಶೇ. 11ರಷ್ಟು ಕಡಿಮೆಯಾಗಿರುತ್ತದೆ. ನೀವು ಮೊದಲು ಮಾಡಿಟ್ಟ ಗಟ್ಟಿ ದ್ರಾವಣವನ್ನೇ ಹಾಗೆಯೇ ಸುರಿದರೆ ಅಬ್ಸಾರ್ಬೆನ್ಸ್ 1.4ರ ಸಮೀಪ. ಆಗ ನಡುಭಾಗಕ್ಕೆ ತಲುಪುವುದು ಐದರಲ್ಲಿ ಒಂದು ಪಾಲು ಬೆಳಕು. ಕ್ವಿನೀನ್ 25 ಪಟ್ಟು ಹೆಚ್ಚಿದ್ದರೂ ಸಿಗ್ನಲ್ 25 ಪಟ್ಟು ಹೆಚ್ಚುವುದಿಲ್ಲ. ಇನ್ನೂ ಗಟ್ಟಿ ಮಾಡಿದರೆ ಸಿಗ್ನಲ್ ಇಳಿಯಲೂಬಹುದು. ಕತ್ತಲಲ್ಲಿ ಟಾರ್ಚನ್ನು ಬದಿಗೆ ಒತ್ತಿಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ತೆಳು ದ್ರಾವಣದಲ್ಲಿ ನೀಲಿ ಇಡೀ ಕ್ಯೂವೆಟ್ ತುಂಬಿರುತ್ತದೆ, ಅತಿ ಗಟ್ಟಿ ದ್ರಾವಣದಲ್ಲಿ ಬೆಳಕು ಒಳಹೊಕ್ಕ ಗೋಡೆಗೆ ಅಂಟಿದ ತೆಳು ಪದರವಾಗಿ ನಿಂತುಬಿಡುತ್ತದೆ.

‘ಸಿಗ್ನಲ್ ಕಡಿಮೆ ಇದೆ, ಇನ್ನಷ್ಟು ಪುಡಿ ಹಾಕೋಣ’ ಎಂಬ ಆಲೋಚನೆ ಬಂದಾಗಲೆಲ್ಲ ಆ ಪದರವನ್ನು ನೆನಪಿಸಿಕೊಳ್ಳಿ.

ಹೀರಿಕೆ ಮತ್ತು ಉತ್ಸರ್ಜನದ ಪಟ್ಟಿಗಳು ಒಂದರ ಮೇಲೊಂದು ಬೀಳುವ ಸಂಯುಕ್ತಗಳಲ್ಲಿ ಇನ್ನೊಂದು ತೊಡಕಿದೆ. ಹೊರಬಂದ ಬೆಳಕನ್ನು ಪಕ್ಕದ ಅಣುಗಳು ಮತ್ತೆ ಹೀರುತ್ತವೆ. ರೋಹಿತದ ಗಿಡ್ಡ ತರಂಗಾಂತರದ ಅಂಚು ಕರಗಿ, ಶೃಂಗ ಕೆಂಪಿನ ಕಡೆಗೆ ಸರಿದಂತೆ ಕಾಣುತ್ತದೆ. ಪಾಲಕ್ ಸೊಪ್ಪಿನಿಂದ ತೆಗೆದ ಕ್ಲೋರೊಫಿಲ್ ದ್ರಾವಣದಲ್ಲೂ ಫ್ಲೋರೆಸೀನಿನಲ್ಲೂ ಹೀಗೆ ಮೋಸಹೋದವರು ಬಹಳ. ಸಾಂದ್ರತೆ ಹೆಚ್ಚಿದಂತೆ ನಿಮ್ಮ ಶೃಂಗ ಸರಿಯುತ್ತಿದ್ದರೆ, ಅಣುಗಳು ಗುಂಪುಗೂಡುತ್ತಿವೆ ಎಂದು ಪ್ರಬಂಧದಲ್ಲಿ ಬರೆಯುವ ಮುನ್ನ ಹತ್ತು ಪಟ್ಟು ತೆಳುಮಾಡಿ ಮತ್ತೊಮ್ಮೆ ನೋಡಿ.

## ಹಂತ 4: ಸ್ಲಿಟ್ ಮತ್ತು ಡಿಟೆಕ್ಟರ್ ಹೊಂದಿಸಿ

ಉದ್ದೀಪನ (ನೀವು ಕೊಡುವ ಬೆಳಕು) 350, ಉತ್ಸರ್ಜನದ ವ್ಯಾಪ್ತಿ 370ರಿಂದ 650, ಎರಡೂ ಸ್ಲಿಟ್ (ಬೆಳಕು ಹಾಯುವ ಕಿರುಗಂಡಿ) 5 ನ್ಯಾನೊಮೀಟರ್, ಹೆಜ್ಜೆ 1 ನ್ಯಾನೊಮೀಟರ್. ಕ್ವಿನೀನಿಗೆ ಇದು ಚೆನ್ನಾಗಿ ಹೊಂದುತ್ತದೆ. ಸ್ಕ್ಯಾನನ್ನು 350ರಿಂದಲೇ ಆರಂಭಿಸಬೇಡಿ. ದೀಪದ ಬೆಳಕೇ ಚದರಿ ನೇರ ಡಿಟೆಕ್ಟರಿಗೆ ಹೊಡೆಯುತ್ತದೆ.

ಶೃಂಗದ ನೆತ್ತಿ ಚಪ್ಪಟೆಯಾಗಿದ್ದರೆ ಡಿಟೆಕ್ಟರ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ಆದರೆ ಚಪ್ಪಟೆಯಾಗುವುದಕ್ಕೂ ಬಹಳ ಮೊದಲೇ ಅದು ಸುಳ್ಳು ಹೇಳಲು ತೊಡಗಿರುತ್ತದೆ. ನೆತ್ತಿ ದುಂಡಗಿದ್ದರೂ ಅದರ ಎತ್ತರ ನಿಜಕ್ಕಿಂತ ಕಡಿಮೆ ಇರುತ್ತದೆ. ಹಿಡಿಯುವ ದಾರಿ ಸರಳ: ದ್ರಾವಣವನ್ನು ಸರಿಯಾಗಿ ಅರ್ಧಕ್ಕೆ ತೆಳುಮಾಡಿ, ಬ್ಲ್ಯಾಂಕ್ ಕಳೆದ ಸಿಗ್ನಲ್ ಅರ್ಧಕ್ಕೆ ಇಳಿಯಿತೇ ನೋಡಿ. ಅರ್ಧಕ್ಕಿಂತ ಸ್ಪಷ್ಟವಾಗಿ ಹೆಚ್ಚು ಉಳಿದರೆ ಸ್ಲಿಟ್ ಕಿರಿದು ಮಾಡಿ ಅಥವಾ ಡಿಟೆಕ್ಟರಿನ ವೋಲ್ಟೇಜ್ ಇಳಿಸಿ.

ಕ್ವಿನೀನಿನ ಪಟ್ಟಿ ಅಗಲವಾದ್ದರಿಂದ 5 ನ್ಯಾನೊಮೀಟರಿನ ಸ್ಲಿಟ್ ನಡೆಯುತ್ತದೆ. ಯುರೋಪಿಯಂ ಸಂಯುಕ್ತಗಳಲ್ಲಿ ಅದೇ ಸ್ಲಿಟ್ ಇಟ್ಟವರು 592 ಮತ್ತು 615ರ ಬಳಿಯ ಚೂಪು ಗೆರೆಗಳನ್ನು ಮೊಂಡು ಮಾಡಿಕೊಂಡು, ಅವುಗಳೊಳಗಿನ ಸೀಳುಗಳನ್ನು ಪೂರ್ತಿ ಕಳೆದುಕೊಳ್ಳುತ್ತಾರೆ. ಅಲ್ಲಿ ಉತ್ಸರ್ಜನದ ಸ್ಲಿಟ್ 1 ನ್ಯಾನೊಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಲಿ.

## ಹಂತ 5: ಬ್ಲ್ಯಾಂಕ್ ಮೊದಲು ಓಡಿಸಿ

ಬರೀ ಆಮ್ಲವನ್ನು ಕ್ಯೂವೆಟ್ಟಿಗೆ ತುಂಬಿ, ಅದೇ ಹೊಂದಿಕೆಯಲ್ಲಿ ಸ್ಕ್ಯಾನ್ ಮಾಡಿ. ನೀರು ಶುದ್ಧವಾಗಿದ್ದರೂ 397ರ ಬಳಿ ಒಂದು ದಿಬ್ಬ ಕಾಣುತ್ತದೆ. ಇದು ನೀರಿನ ರಾಮನ್ ಚದರಿಕೆ, ಅಂದರೆ ನೀರಿನ ಅಣುಗಳಿಗೆ ಸ್ವಲ್ಪ ಶಕ್ತಿ ಬಿಟ್ಟುಕೊಟ್ಟು ಉದ್ದ ತರಂಗಾಂತರದಲ್ಲಿ ಚದರಿದ ದೀಪದ ಬೆಳಕು. ಬೇರೆಡೆಯೂ ದಿಬ್ಬಗಳಿದ್ದರೆ, ಅದರಲ್ಲೂ 420ರಿಂದ 450ರ ನಡುವೆ ಅಗಲವಾದ ಉಬ್ಬು ಇದ್ದರೆ, ನೀರೋ ಪಾತ್ರೆಯೋ ಕೊಳೆಯಾಗಿದೆ. ಮುಂದೆ ಹೋಗಬೇಡಿ, ಹಂತ 1ಕ್ಕೆ ಮರಳಿ.

ಆಮೇಲೆ ಅದೇ ಕ್ಯೂವೆಟ್ಟನ್ನು ನಿಮ್ಮ ದ್ರಾವಣದಿಂದ ಎರಡು ಸಲ ಜಾಲಾಡಿಸಿ, 3 ಮಿಲಿಲೀಟರ್ ತುಂಬಿ, ಅದೇ ಮುಖ ದೀಪದ ಕಡೆಗೆ ಬರುವಂತೆ ಇಟ್ಟು ಸ್ಕ್ಯಾನ್ ಮಾಡಿ. ಗುಳ್ಳೆಗಳಿದ್ದರೆ ಮೆಲ್ಲನೆ ತಟ್ಟಿ ಬಿಡಿಸಿ. ಫ್ರಿಜ್ಜಿನಿಂದ ತೆಗೆದ ದ್ರಾವಣವನ್ನು ತಕ್ಷಣ ಅಳೆಯಬೇಡಿ, ಹೊರಗೋಡೆಯ ಮೇಲೆ ಮಂಜು ಕೂತು ಬೆಳಕು ಚದರುತ್ತದೆ. ಉಷ್ಣತೆ ಏರಿದಂತೆ ಹೆಚ್ಚಿನ ಸಂಯುಕ್ತಗಳ ಬೆಳಕು ಕುಗ್ಗುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ತೆಗೆದ ಅಳತೆಯನ್ನು ಡಿಸೆಂಬರ್ ಬೆಳಗಿನದರ ಪಕ್ಕದಲ್ಲಿಡುವ ಮುನ್ನ ಎರಡೂ ದಿನದ ಉಷ್ಣತೆ ನೋಡಿ.

ಒಮ್ಮೆ ಸ್ಕ್ಯಾನ್ ಆದ ದ್ರಾವಣವನ್ನು ಅಲುಗಿಸದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಎರಡನೆಯದು ಕೆಳಗಿದ್ದರೆ ಬೆಳಕು ತಾಗಿ ಸಂಯುಕ್ತ ಹಾಳಾಗುತ್ತಿದೆ. ಕ್ವಿನೀನ್ ಗಟ್ಟಿಗ, ಇಷ್ಟು ಹೊತ್ತಿಗೆ ಅಳುಕುವುದಿಲ್ಲ. ಅರಿಶಿನದ ಕುರ್ಕುಮಿನ್ ಹಾಗಲ್ಲ. ಅಂಥವುಗಳಿಗೆ ಅಳತೆಯ ನಡುವೆ ಬೆಳಕಿನ ಷಟರ್ ಮುಚ್ಚಿಡಿ.

## ಹಂತ 6: ಪ್ರತಿ ಶೃಂಗವನ್ನೂ ಅಲುಗಾಡಿಸಿ ನೋಡಿ

ಇಲ್ಲಿಗೆ ಒಂದು ರೋಹಿತ ಕೈಗೆ ಬಂದಿದೆ. ಅದನ್ನು ಇನ್ನೂ ನಂಬಬೇಡಿ. ಉದ್ದೀಪನವನ್ನು 340ಕ್ಕೆ ಇಳಿಸಿ ಒಮ್ಮೆ, 360ಕ್ಕೆ ಏರಿಸಿ ಒಮ್ಮೆ, 720ರವರೆಗೂ ಸ್ಕ್ಯಾನ್ ಮಾಡಿ. 360ರ ಓಟವನ್ನು 380ರಿಂದ ಆರಂಭಿಸಿ.

ಅಣುವಿನ ನಿಜವಾದ ಉತ್ಸರ್ಜನ ಕದಲುವುದಿಲ್ಲ. ಯಾವ ಬೆಳಕಿನಿಂದ ಎಬ್ಬಿಸಿದರೂ ಅಣು ಮೊದಲು ತನ್ನ ಅತಿ ಕೆಳಗಿನ ಉದ್ದೀಪಿತ ಸ್ಥಿತಿಗೆ ಜಾರಿ, ಅಲ್ಲಿಂದಲೇ ಬೆಳಗುತ್ತದೆ. ಆದ್ದರಿಂದ ಎತ್ತರ ಬದಲಾದರೂ 450ರ ಶೃಂಗ ಅಲ್ಲೇ ನಿಲ್ಲುತ್ತದೆ. ಚದರಿಕೆಯ ಶೃಂಗ ಉದ್ದೀಪನದ ಬೆನ್ನು ಹತ್ತಿ ಓಡುತ್ತದೆ. 340 ಕೊಟ್ಟರೆ ನೀರಿನ ರಾಮನ್ ಶೃಂಗ 384ಕ್ಕೆ, 350 ಕೊಟ್ಟರೆ 397ಕ್ಕೆ, 360 ಕೊಟ್ಟರೆ 410ಕ್ಕೆ. ಲೆಕ್ಕ ನೀವೇ ಮಾಡಬಹುದು: 1 ಕೋಟಿಯನ್ನು ಉದ್ದೀಪನದ ನ್ಯಾನೊಮೀಟರಿನಿಂದ ಭಾಗಿಸಿ, ಅದರಿಂದ 3400 ಕಳೆದು, ಬಂದ ಸಂಖ್ಯೆಯಿಂದ ಮತ್ತೆ 1 ಕೋಟಿಯನ್ನು ಭಾಗಿಸಿ. ಎಥನಾಲ್ ದ್ರಾವಕವಾಗಿದ್ದರೆ 3400ರ ಬದಲು 2900 ಇಡಿ.

700ರಲ್ಲಿ ಎದ್ದ ಸೂಜಿ ಕೂಡ ಹೀಗೆಯೇ 680ಕ್ಕೆ, 720ಕ್ಕೆ ಸರಿಯುತ್ತದೆ. ಉಪಕರಣದೊಳಗೆ ಬಣ್ಣಗಳನ್ನು ಬೇರ್ಪಡಿಸುವ ಗ್ರೇಟಿಂಗ್ 350ರ ಬೆಳಕನ್ನು ಎರಡನೆಯ ಶ್ರೇಣಿಯಲ್ಲಿ 700ರ ಜಾಗಕ್ಕೂ ಕಳುಹಿಸುತ್ತದೆ. ಉದ್ದೀಪನದ ಎರಡರಷ್ಟು ತರಂಗಾಂತರದಲ್ಲಿ ಕಾಣುವ ಚೂಪು ಗೆರೆಯನ್ನು ಮೊದಲು ಅನುಮಾನಿಸಿ. ಯುರೋಪಿಯಂ ಸಂಯುಕ್ತವನ್ನು 308ರಲ್ಲಿ ಉದ್ದೀಪಿಸಿದರೆ ಈ ಸುಳ್ಳು ಗೆರೆ 616ರಲ್ಲಿ, ಅಂದರೆ ಅದರ ಅತಿ ಪ್ರಬಲ ಕೆಂಪು ಗೆರೆಯ ತಲೆಯ ಮೇಲೇ ಕೂರುತ್ತದೆ. ಉದ್ದೀಪನದ ಬೆಳಕನ್ನು ತಡೆದು ಉದ್ದ ತರಂಗಾಂತರಗಳನ್ನು ಮಾತ್ರ ಬಿಡುವ ಫಿಲ್ಟರನ್ನು ಉತ್ಸರ್ಜನದ ದಾರಿಯಲ್ಲಿಟ್ಟರೆ ಅದು ಮಾಯವಾಗುತ್ತದೆ.

ಈ ಗೊಂದಲ ಬಹಳ ಹಳೆಯದು. 1923ರಲ್ಲಿ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ನೀರು, ಆಲ್ಕೊಹಾಲ್‌ಗಳಲ್ಲಿ ಕಂಡ ಮಂದ ಬೆಳಕನ್ನು ಕಲ್ಮಶದ ದುರ್ಬಲ ಪ್ರತಿದೀಪ್ತಿ (ಬೆಳಕು ಹೀರಿ ಬೆಳಗುವಿಕೆ) ಎಂದೇ ಎಣಿಸಿದ್ದರು. ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಹೋಗಲಿಲ್ಲ. 1928ರಲ್ಲಿ ರಾಮನ್ ಪರಿಣಾಮವೆಂದು ಗುರುತಿಸಿಕೊಂಡದ್ದು ಅದೇ ಬೆಳಕು. ಶುದ್ಧೀಕರಿಸಿದರೂ ಹೋಗದ, ಉದ್ದೀಪನದೊಂದಿಗೆ ಸರಿಯುವ ದಿಬ್ಬ ಕಂಡಾಗ ನೀವೂ ಅದನ್ನೇ ನೋಡುತ್ತಿದ್ದೀರಿ.

## ಹಂತ 7: ಉದ್ದೀಪನ ರೋಹಿತದಿಂದ ಸಾಕ್ಷಿ ಕೇಳಿ

ಈಗ ಉತ್ಸರ್ಜನವನ್ನು 450ರಲ್ಲಿ ನಿಲ್ಲಿಸಿ, ಉದ್ದೀಪನವನ್ನು 235ರಿಂದ 430ರವರೆಗೆ ಓಡಿಸಿ. ಬಂದ ರೋಹಿತ ನೀವು ಹಂತ 3ರಲ್ಲಿ ತೆಗೆದ ಹೀರಿಕೆಯ ಆಕಾರವನ್ನೇ ಹೋಲಬೇಕು. ಹೋಲದಿದ್ದರೆ ಬೆಳಗುತ್ತಿರುವುದು ನಿಮ್ಮ ಸಂಯುಕ್ತವಲ್ಲದೆ ಅದರೊಳಗಿನ ಕಲ್ಮಶವಾಗಿರುವ ಸಾಧ್ಯತೆ ದೊಡ್ಡದು. ಶೇ. 1ರಷ್ಟು ಕಲ್ಮಶ ಪ್ರಖರವಾಗಿ ಬೆಳಗುವಂಥದ್ದಾಗಿದ್ದರೆ, ಮಂದವಾಗಿ ಬೆಳಗುವ ಶೇ. 99ನ್ನು ಮುಚ್ಚಿಹಾಕುತ್ತದೆ. ಸಂಶ್ಲೇಷಣೆ ಮಾಡಿ ತಂದ ಹೊಸ ಸಂಯುಕ್ತಗಳಿಗೆ ಈ ಹಂತವನ್ನು ತಪ್ಪಿಸಲೇಬೇಡಿ.

ಹೋಲಿಸುವಾಗ ದೀಪದ ಏರಿಳಿತ ಸರಿಪಡಿಸುವ ರೆಫರೆನ್ಸ್ ಚಾನೆಲ್ ಚಾಲೂ ಇದೆಯೇ ನೋಡಿ. ಝೆನಾನ್ ದೀಪ ಅತಿನೇರಳೆಯ ಆಳದಲ್ಲಿ ಮಂಕು. ಸರಿಪಡಿಸದಿದ್ದರೆ 250ರ ಪಟ್ಟಿ ಕುಳ್ಳಗಾಗಿ ಕಾಣುತ್ತದೆ.

## ಹಂತ 8: ತಿದ್ದುಪಡಿ, ಇದೇ ಕ್ರಮದಲ್ಲಿ

ಮೊದಲು ಬ್ಲ್ಯಾಂಕ್ ಕಳೆಯಿರಿ. ಆಮೇಲೆ ಒಳ ಹೀರಿಕೆಯ (ಹಂತ 3ರಲ್ಲಿ ಕಂಡಂತೆ ದ್ರಾವಣವೇ ಬೆಳಕನ್ನು ಹೀರುವುದರ) ತಿದ್ದುಪಡಿ: ಉದ್ದೀಪನ ಮತ್ತು ಉತ್ಸರ್ಜನ ತರಂಗಾಂತರಗಳ ಅಬ್ಸಾರ್ಬೆನ್ಸ್ ಕೂಡಿಸಿ, ಎರಡರಿಂದ ಭಾಗಿಸಿ, 10ಕ್ಕೆ ಅದನ್ನು ಘಾತವಾಗಿಟ್ಟು ಸಿಗ್ನಲಿಗೆ ಗುಣಿಸಿ. ಅಬ್ಸಾರ್ಬೆನ್ಸ್ 0.05 ಮತ್ತು 0 ಆದರೆ ಗುಣಕ 1.06. ಒಂದೂವರೆ, ಎರಡರಷ್ಟು ಗುಣಕ ಬಂದರೆ ಲೆಕ್ಕದಿಂದ ಸರಿಪಡಿಸಲು ಹೋಗದೆ ದ್ರಾವಣವನ್ನೇ ತೆಳುಮಾಡಿ. ಮೂರನೆಯದು ಉಪಕರಣದ ತಿದ್ದುಪಡಿ ಕಡತ. ಡಿಟೆಕ್ಟರ್ ಎಲ್ಲ ಬಣ್ಣಗಳನ್ನೂ ಸಮನಾಗಿ ನೋಡುವುದಿಲ್ಲ, ಕೆಂಪಿನತ್ತ ಹೋದಂತೆ ಅದರ ದೃಷ್ಟಿ ಮಂದ. ತಿದ್ದದ ರೋಹಿತವನ್ನು ಪ್ರಕಟಿತ ರೋಹಿತದ ಮೇಲಿಟ್ಟು ‘ಸರಿದಿದೆ’ ಎನ್ನುವುದು ದೊಡ್ಡ ತಪ್ಪು.

ಎತ್ತರವನ್ನು 1ಕ್ಕೆ ತರುವುದು ಎಲ್ಲಕ್ಕಿಂತ ಕೊನೆಗೆ. ಗೆರೆಯನ್ನು ನುಣುಪು ಮಾಡುವ ಬಟನ್ ಒತ್ತುವುದಾದರೆ ಮೂಲ ಕಡತವನ್ನು ಬೇರೆಯಾಗಿ ಉಳಿಸಿಯೇ ಒತ್ತಿ.

## ಹಂತ 9: ಕ್ವಾಂಟಂ ಇಳುವರಿ ಬೇಕಿದ್ದರೆ

ಹೀರಿದ ಫೋಟಾನುಗಳಲ್ಲಿ ಎಷ್ಟು ಪಾಲು ಬೆಳಕಾಗಿ ಮರಳಿತು ಎಂಬುದು ಕ್ವಾಂಟಂ ಇಳುವರಿ. ಗಂಧಕಾಮ್ಲದಲ್ಲಿ ಕ್ವಿನೀನ್ ಸಲ್ಫೇಟಿಗೆ 0.54 ಎಂದು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಸಂಯುಕ್ತವನ್ನು ಇದರೊಂದಿಗೆ ತೂಗಿ ನೋಡಬಹುದು. ಎರಡಕ್ಕೂ 0.02ರಿಂದ 0.1ರೊಳಗೆ ಐದು ಅಬ್ಸಾರ್ಬೆನ್ಸುಗಳ ದ್ರಾವಣ ಮಾಡಿ, ಪ್ರತಿಯೊಂದರ ರೋಹಿತದ ಕೆಳಗಿನ ವಿಸ್ತೀರ್ಣವನ್ನು ಅಬ್ಸಾರ್ಬೆನ್ಸಿನ ಎದುರು ಗುರುತಿಸಿ. ಐದೂ ಚುಕ್ಕೆಗಳು ಸೊನ್ನೆಯ ಮೂಲಕ ಹಾಯುವ ನೇರ ಗೆರೆಯ ಮೇಲೆ ಕೂರಬೇಕು. ಗೆರೆ ಮೇಲೆ ಹೋಗುತ್ತಾ ಬಾಗಿದರೆ ಹಂತ 3 ಮತ್ತು 4ರಲ್ಲಿ ಎಲ್ಲೋ ಎಡವಿದ್ದೀರಿ. ಎರಡು ಗೆರೆಗಳ ಇಳಿಜಾರಿನ ಅನುಪಾತವನ್ನು 0.54ರಿಂದಲೂ, ದ್ರಾವಕಗಳ ವಕ್ರೀಭವನ ಸೂಚ್ಯಂಕಗಳ ವರ್ಗದ ಅನುಪಾತದಿಂದಲೂ ಗುಣಿಸಿ. ನೀರಿನಿಂದ ಎಥನಾಲಿಗೆ ಈ ಕೊನೆಯ ಗುಣಕ ಸುಮಾರು 1.04.

ಉದ್ದೀಪನ ತರಂಗಾಂತರ, ಸ್ಲಿಟ್, ವೋಲ್ಟೇಜ್ ಎರಡಕ್ಕೂ ಒಂದೇ ಇರಬೇಕು. ಮಂದ ಸಂಯುಕ್ತಕ್ಕೆಂದು ಸ್ಲಿಟ್ ಹಿಗ್ಗಿಸಿ, ಕ್ವಿನೀನಿಗೆ ಕುಗ್ಗಿಸಿದ ಲೆಕ್ಕಗಳನ್ನು ನಾನು ಕಂಡಿದ್ದೇನೆ. ಅಂಥ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

## ನಿಮ್ಮ ಸಂಯುಕ್ತಕ್ಕೆ ಹೋದಾಗ ಬದಲಾಗುವವು

ಫ್ಲೋರೆಸೀನ್ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ, ಅದನ್ನು ಕ್ಷಾರೀಯ ದ್ರಾವಣದಲ್ಲೇ ಅಳೆಯಿರಿ. ಬೈಪಿರಿಡಿನ್ ಕಟ್ಟಿದ ರುಥೇನಿಯಂ ಸಂಕೀರ್ಣದಂಥ, ಉದ್ದೀಪಿತ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಉಳಿಯುವ ಸಂಯುಕ್ತಗಳ ಬೆಳಕನ್ನು ಗಾಳಿಯ ಆಮ್ಲಜನಕ ಕದಿಯುತ್ತದೆ. ಸಾರಜನಕವನ್ನು ಹದಿನೈದು ನಿಮಿಷ ಮೆಲ್ಲಗೆ ಗುಳ್ಳೆಗುಳ್ಳೆಯಾಗಿ ಹಾಯಿಸಿ, ಮುಚ್ಚಳ ಬಿಗಿದು ಅಳೆಯಿರಿ. ಪುಡಿ ರೂಪದ ಮಾದರಿಯನ್ನು ದೀಪಕ್ಕೆ 45 ಡಿಗ್ರಿಯಲ್ಲಿ ಇಡಬೇಡಿ. ಆ ಕೋನದಲ್ಲಿ ದೀಪದ ಪ್ರತಿಫಲನ ನೇರ ಡಿಟೆಕ್ಟರಿಗೆ ಹೋಗುತ್ತದೆ. 30 ಅಥವಾ 60 ಡಿಗ್ರಿ ಇರಲಿ.

## ಹಂತ 10: ಎದ್ದು ಹೋಗುವ ಮುನ್ನ

ಕ್ಯೂವೆಟ್ ತೊಳೆದು, ಶುದ್ಧ ನೀರು ತುಂಬಿ, 350ರ ಉದ್ದೀಪನದಲ್ಲಿ, ಎಂದಿನ ಅದೇ ಸ್ಲಿಟ್ಟಿನಲ್ಲಿ ಒಂದು ಸ್ಕ್ಯಾನ್ ಮಾಡಿ. 397ರ ಆ ರಾಮನ್ ದಿಬ್ಬದ ಎತ್ತರವನ್ನು ತಾರೀಖು ಹಾಕಿ ಉಪಕರಣದ ಪುಸ್ತಕದಲ್ಲಿ ಬರೆದಿಡಿ. ನೀರು ಬದಲಾಗುವುದಿಲ್ಲ, ಹಾಗಾಗಿ ಆ ಸಂಖ್ಯೆ ವಾರದಿಂದ ವಾರಕ್ಕೆ ಕುಸಿಯುತ್ತಿದ್ದರೆ ದೀಪ ಮುದಿಯಾಗುತ್ತಿದೆ. ದಿಬ್ಬ 397 ಬಿಟ್ಟು ಎರಡು ನ್ಯಾನೊಮೀಟರ್ ಅತ್ತಿತ್ತ ಕಂಡರೆ ತರಂಗಾಂತರ ಆರಿಸುವ ಮಾನೊಕ್ರೊಮೇಟರಿನ ಹೊಂದಿಕೆ ತಪ್ಪಿದೆ, ಮುಂದಿನ ಅಳತೆಗೆ ಮೊದಲು ಸರಿಪಡಿಸಿಕೊಳ್ಳಿ. ಉಳಿದ ಗಟ್ಟಿ ಕ್ವಿನೀನ್ ದ್ರಾವಣವನ್ನು ಕಂದು ಬಾಟಲಿಗೆ ಸುರಿದು, ಹೆಸರು, ಸಾಂದ್ರತೆ, ದಿನಾಂಕ ಅಂಟಿಸಿ ಫ್ರಿಜ್ಜಿನಲ್ಲಿಡಿ.